ಒಂದು ಹೆಜ್ಜೆ ನೋಡಿ ಹೆಸರು ಹೇಳಬೇಡ

ಬದಿಯಡ್ಕ
ಜನವರಿ 20

ಪ್ರೀತಿಯ ಮಗಳೇ,

ಇಲ್ಲಿ ನಾವೆಲ್ಲ ಸೌಖ್ಯ. ಅಂಗಳ ತುಂಬ ಅಡಿಕೆ ಹರವಿದ್ದೇವೆ, ನವಿಲು ಓಡಿಸುವುದೂ ಅಡಿಕೆ ಮಗುಚುವುದೂ ಅಪ್ಪನ ಪಾಲಿಗೆ ಬಂದಿದೆ.

ನೀನು ಕಳಿಸಿದ ಹಿಮದ ಮೇಲಿನ ಹೆಜ್ಜೆಯ ಫೋಟೋ ನೋಡಿದೆ. "ಅಮ್ಮಾ, ಇದು ತೋಳವಾ? ಇವನು ಕೇಳಿ ಕೇಳಿ ತಲೆ ತಿಂತಿದ್ದಾನೆ" ಅಂತ ಬರೆದಿದ್ದೀ. ತೋಳ ಅಲ್ಲ, ನಾಯಿ ಅಂತ ವಾಟ್ಸ್ಯಾಪಿನಲ್ಲೇ ಒಂದು ಸಾಲು ಹಾಕಬಹುದಿತ್ತು. ಆದರೆ ನನ್ನ ಪುಳ್ಳಿ, ನಿನ್ನ ಮಗ, ನಾಳೆ ಇನ್ನೊಂದು ಹೆಜ್ಜೆ ತೋರಿಸಿ ಕೇಳುತ್ತಾನೆ, ನಾಡಿದ್ದು ಮತ್ತೊಂದು. ಅದಕ್ಕೇ ಈ ಕಾಗದ. ಅವನ ಬಾಣಂತನಕ್ಕೆ ಬಂದ ಚಳಿಗಾಲದಲ್ಲಿ, ನೀವಿಬ್ಬರೂ ಮಲಗಿದ ಮೇಲೆ ಅಳಿಯನ ದೊಡ್ಡ ಬೂಟು ಹಾಕಿಕೊಂಡು ನಾನು ನಿಮ್ಮ ಟೊರೊಂಟೊ ಮನೆಯ ಹಿಂದಿನ ಕಣಿವೆಗೆ ಇಳಿಯುತ್ತಿದ್ದೆನಲ್ಲ, ನೀನು ಬೈದದ್ದು ಈಗ ಉಪಯೋಗಕ್ಕೆ ಬಂತು ನೋಡು.

ಮೊದಲು ಆ ಫೋಟೋದ ವಿಷಯ. ಹೆಜ್ಜೆಯ ಅಂಚು ಗಮನಿಸು. ಗುಂಡಗಾಗಿ, ಹೊಳೆಯುತ್ತಾ ಇದೆ. ಅಂದರೆ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು. ಕರಗಿದ ಹೆಜ್ಜೆ ಸುತ್ತಲೂ ಅಗಲವಾಗುತ್ತಾ ಹೋಗುತ್ತದೆ. ಸೋಮವಾರ ಲ್ಯಾಬ್ರಡಾರ್ ನಾಯಿ ಇಟ್ಟ ಹೆಜ್ಜೆ ಗುರುವಾರದ ಹೊತ್ತಿಗೆ ತೋಳದ್ದಾಗುತ್ತದೆ. ಫೋಟೋದ ಮೂಲೆಯಲ್ಲಿ ಮನುಷ್ಯರ ಬೂಟಿನ ಗುರುತೂ ಜೊತೆಗೇ ಸಾಗಿದೆ, ನೀನು ನೋಡಲಿಲ್ಲ. ಟೊರೊಂಟೊ ಪೇಟೆಯೊಳಗೆ ತೋಳ ಇಲ್ಲ ಮಾರಾಯ್ತಿ. ಇರುವುದು ಕಯೋಟಿ, ತೋಳದ ಜಾತಿಯದೇ, ಅದಕ್ಕಿಂತ ಚಿಕ್ಕದು. ಇಲ್ಲಿಯೂ ಇದೇ ಕಥೆ. ಮುಳಿಯಾರು, ಕಾರಡ್ಕ ಕಡೆ ಚಿರತೆ ಬಂತು ಅಂತ ಸುದ್ದಿ ಆದಾಗ ಊರಿನ ನಾಯಿಗಳ ಹೆಜ್ಜೆಯೆಲ್ಲ ಫೋಟೋ ಆಗಿ ಗ್ರೂಪಿನಿಂದ ಗ್ರೂಪಿಗೆ ಓಡಾಡಿತು. ಉಗುರಿನ ಗುರುತು ಎದ್ದು ಕಾಣುತ್ತಿದ್ದರೂ ಜನ ಚಿರತೆ ಅಂತಲೇ ಅಂದರು. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ, ನಾಯಿಗೆ ಅದು ಆಗದು. ಇಷ್ಟು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಒಂದು ಹೆಜ್ಜೆ ನೋಡಿ ಹೆಸರು ಹೇಳಬೇಡ, ಹತ್ತು ಹೆಜ್ಜೆ ನೋಡಿ ಹೇಳು ಅಂತ ನಿನ್ನ ಅಜ್ಜ ಹೇಳುತ್ತಿದ್ದರು. ಬೆಳಗ್ಗೆ ತೋಟಕ್ಕೆ ಹೋದರೆ ತೋಡಿನ ಬದಿಯ ಕೆಸರಿನಲ್ಲಿ ಮೊದಲು ಕಣ್ಣು ಹಾಯಿಸಿ, ಹಂದಿ ಎಲ್ಲಿಂದ ನುಗ್ಗಿತು, ಎಲ್ಲಿಂದ ಹೊರಬಿತ್ತು ಅಂತ ಲೆಕ್ಕ ಹಾಕಿದ ಮೇಲೆಯೇ ಬೇಲಿ ಕಟ್ಟಲಿಕ್ಕೆ ಜನ ಕರೆಯುವುದು. ಕೆಸರು ನಾಲ್ಕು ಮಾರು ಇದ್ದರೆ ಹೆಚ್ಚು, ಆಮೇಲೆ ತರಗೆಲೆ, ಅಲ್ಲಿಗೆ ಜಾಡು ಮುಗಿಯಿತು. ನಿನ್ನ ಊರಿನಲ್ಲಿ ಹಾಗಲ್ಲ. ಒಂದು ಪ್ರಾಣಿ ಬೆಳಗಿನವರೆಗೆ ಎಲ್ಲೆಲ್ಲಿ ಓಡಾಡಿತೋ ಅಷ್ಟನ್ನೂ ಹಿಮ ಉಳಿಸಿಕೊಡುತ್ತದೆ. ಅಜ್ಜ ಬಂದಿದ್ದರೆ ಮನೆಯೊಳಗೆ ಕೂರುತ್ತಿರಲಿಲ್ಲ.

ಹಾಗಾಗಿ ಮಗನಿಗೆ ಪಾದದ ಆಕಾರ ಆಮೇಲೆ ಕಲಿಸು, ನಡಿಗೆ ಮೊದಲು ಕಲಿಸು. ಸಾಕಿದ ನಾಯಿಗೆ ಊಟದ ಚಿಂತೆ ಇಲ್ಲ. ಅಲ್ಲಿ ಮೂಸುತ್ತದೆ, ಇಲ್ಲಿ ತಿರುಗುತ್ತದೆ, ಯಜಮಾನನ ಕಡೆ ಓಡಿ ಬರುತ್ತದೆ, ಜಾಡೆಲ್ಲ ಗೋಜಲು. ಚಳಿಗಾಲದಲ್ಲಿ ಹೊಟ್ಟೆ ಹೊರೆಯಬೇಕಾದ ಕಯೋಟಿ ಕಾಲು ಸುಮ್ಮನೆ ಸವೆಸುವುದಿಲ್ಲ. ನೆಟ್ಟಗೆ ಒಂದೇ ಗೆರೆಯಲ್ಲಿ ಹೋಗುತ್ತದೆ, ಮುಂಗಾಲು ಇಟ್ಟ ಗುಂಡಿಯಲ್ಲೇ ಹಿಂಗಾಲನ್ನೂ ಇಡುತ್ತದೆ. ಅದರ ಪಾದ ಉದ್ದಕ್ಕೆ ಆರೇಳು ಸೆಂಟಿಮೀಟರು, ಮೊಟ್ಟೆಯಾಕಾರ, ನಡುವಿನ ಎರಡು ಬೆರಳಿನ ಉಗುರು ಹತ್ತಿರ ಹತ್ತಿರ. ನಾಯಿಯದ್ದು ಬೆರಳು ಬಿಡಿಸಿದ ಅಗಲ ಪಾದ, ಮೊಂಡು ಉಗುರು. ಎರಡರಲ್ಲೂ ಬೆರಳುಗಳಿಗೂ ಹಿಂದಿನ ಮೆತ್ತೆಗೂ ನಡುವೆ ಹಿಮ ಉಬ್ಬಿ ಗುಣಾಕಾರ ಚಿಹ್ನೆ ಮೂಡಿರುತ್ತದೆ. ಬೆಕ್ಕಿನ ಹೆಜ್ಜೆಯಲ್ಲಿ ಆ ಗೆರೆಗಳು ಕೂಡುವುದಿಲ್ಲ, ಮೆತ್ತೆ ದೊಡ್ಡದು. ಕೆಂಪು ನರಿಯೂ ಕಯೋಟಿಯ ಹಾಗೆ ನೆಟ್ಟಗೆ ನಡೆಯುವುದೇ, ಆದರೆ ಪಾದ ಚಿಕ್ಕದು. ಚಳಿಗೆ ಅದರ ಅಂಗಾಲಲ್ಲೂ ಕೂದಲು ಬೆಳೆಯುವುದರಿಂದ ಬೆರಳ ಗುರುತು ಮಸುಕು. ಮಸುಕಾದದ್ದೇ ಅದರ ಗುರುತು ಅನ್ನು.

ಮೊಲ ಮತ್ತು ಅಳಿಲು, ಇವೆರಡನ್ನು ಮಗ ಒಂದೇ ದಿನದಲ್ಲಿ ಕಲಿಯುತ್ತಾನೆ. ಹಾರುವಾಗ ಎರಡೂ ನಾಲ್ಕು ಗುರುತಿನ ಗುಂಪು ಬಿಡುತ್ತವೆ. ಮುಂಗಾಲು ಮೊದಲು ನೆಲಕ್ಕೆ ತಾಗುತ್ತದೆ, ಹಿಂಗಾಲು ಅದನ್ನು ದಾಟಿ ಮುಂದೆ ಬೀಳುತ್ತದೆ. ಅಂದರೆ ಉದ್ದದ ದೊಡ್ಡ ಗುರುತುಗಳು ಯಾವ ಕಡೆಗಿವೆಯೋ ಪ್ರಾಣಿ ಹೋದದ್ದು ಆ ಕಡೆಗೆ. ಇದನ್ನು ತಿರುಗಿಸಿ ಓದಿ, ಮೊಲ ಬಂದ ದಾರಿಯಲ್ಲೇ ಅದನ್ನು ಹುಡುಕಿಕೊಂಡು ಹೋಗುವವರು ಬೇಕಾದಷ್ಟು. ಇನ್ನು ಯಾವುದು ಯಾರದ್ದು? ಮರ ಹತ್ತುವ ಅಳಿಲು ಮುಂಗಾಲುಗಳನ್ನು ಅಕ್ಕಪಕ್ಕ ಜೋಡಿಸಿ ಇಡುತ್ತದೆ, ಮೊಲ ಒಂದರ ಹಿಂದೆ ಒಂದು ಇಡುತ್ತದೆ. ಅದೂ ಕಾಣದಿದ್ದರೆ ಜಾಡು ಹಿಡಿದು ನಡೆ. ಅಳಿಲಿನದು ಒಂದು ಮರದ ಬುಡದಲ್ಲಿ ಶುರುವಾಗಿ ಇನ್ನೊಂದರ ಬುಡದಲ್ಲಿ ಮುಗಿಯುತ್ತದೆ, ಮೊಲದ್ದು ಪೊದೆಯೊಳಗೆ.

ಮೊಲದ ಜಾಡಿನಲ್ಲಿ ಕಿತ್ತಳೆ ಕೆಂಪು ಕಲೆ ಕಂಡರೆ ರಕ್ತ ಅಂತ ಹೆದರಬೇಡ. ಮೂತ್ರ ಅದು, ತಿಂದ ಗಿಡದ ಬಣ್ಣ ಇಳಿದಿರುತ್ತದೆ. ಮಗನಿಗೆ ಇದು ಖಂಡಿತ ಇಷ್ಟವಾದೀತು, ಈ ಪ್ರಾಯದ ಹುಡುಗರಿಗೆ ಮೂತ್ರದ ವಿಷಯ ಬಂದರೆ ಸಾಕು. ಹಾಗೆಯೇ ಪೊದೆಯ ಕಡ್ಡಿಗಳ ತುದಿಯನ್ನೂ ತೋರಿಸು. ಕತ್ತಿಯಲ್ಲಿ ಕಡಿದಂತೆ ಓರೆಯಾಗಿ ನುಣ್ಣಗೆ ಇದ್ದರೆ ಮೊಲ. ಹರಿದು ನಾರು ನಾರಾಗಿದ್ದರೆ ಜಿಂಕೆ. ನಮ್ಮ ಹಟ್ಟಿಯ ದನಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲಿಲ್ಲ ಅಂತ ನೀನು ಸಣ್ಣವಳಿದ್ದಾಗ ತೋರಿಸಿದ್ದೆ, ನೆನಪುಂಟಾ? ಜಿಂಕೆಗೂ ಇಲ್ಲ. ಕಚ್ಚಿ ಎಳೆದೇ ಕೀಳಬೇಕು. ನಿಮ್ಮಲ್ಲಿರುವುದು ಬಿಳಿಬಾಲದ ಜಿಂಕೆ. ಗೊರಸಿನ ಎರಡು ಸೀಳು ಮುಂದಕ್ಕೆ ಚೂಪಾಗಿ ಕೂಡುತ್ತವೆ. ಹಿಮ ಆಳವಿದ್ದರೆ ಹಿಂದೆ ಎರಡು ಚುಕ್ಕೆಯೂ ಬೀಳುತ್ತದೆ. ನಮ್ಮ ಕಾಡುಹಂದಿಗೆ ಆಳವಿಲ್ಲದ ಕೆಸರಿನಲ್ಲೂ ಆ ಚುಕ್ಕೆ ಬೀಳುತ್ತದೆ, ಅದೂ ಗೊರಸಿಗಿಂತ ಅಗಲಕ್ಕೆ.

ಅಷ್ಟು ದೊಡ್ಡ ಪೇಟೆಯ ನಡುವೆ ಇಷ್ಟೆಲ್ಲ ಪ್ರಾಣಿ ಹೇಗೆ ಉಳಿದವು ಅಂತ ನಾನು ಆಗಲೇ ಅಳಿಯನನ್ನು ಕೇಳಿದ್ದೆ. 1954ರ ಅಕ್ಟೋಬರಿನಲ್ಲಿ ಹೇಝಲ್ ಚಂಡಮಾರುತ ಬಂದು ಒಂಟಾರಿಯೋದಲ್ಲಿ 81 ಜನ ಸತ್ತರಂತೆ. ಹಂಬರ್ ಹೊಳೆಯ ಬದಿಯ ರೇಮೋರ್ ಡ್ರೈವ್ ಎಂಬ ಒಂದೇ ಬೀದಿಯಲ್ಲಿ 35 ಜನ. ಆಮೇಲೆ ನೆರೆ ಏರುವ ತಗ್ಗಿನಲ್ಲಿ ಮನೆ ಕಟ್ಟುವುದನ್ನು ತಡೆದು, ಜಾಗವನ್ನು ಸರಕಾರದ ಕಡೆಯಿಂದಲೇ ಕೊಂಡು ಪಾರ್ಕು ಮಾಡಿದರು. ಹಂಬರ್, ಡಾನ್, ರೂಜ್ ಹೊಳೆಗಳ ಕಣಿವೆಗಳು ಹಾಗೆ ಉಳಿದವು. ಪ್ರಾಣಿಗಳಿಗೆ ಅದೇ ಹೆದ್ದಾರಿ. ಇಲ್ಲಿ ನಾವು ಹೊಳೆಬದಿಯಲ್ಲಿ ಜಾಗ ಕಂಡರೆ ಕಲ್ಲು ಕಟ್ಟಿ ಮೇಲೆತ್ತುತ್ತೇವೆ, ಆಮೇಲೆ ಮಳೆಗಾಲದಲ್ಲಿ ಪಂಚಾಯತಿಗೆ ಬೈಯುತ್ತೇವೆ. ಇರಲಿ.

ರಕೂನ್ ಹೆಜ್ಜೆ ಯಾರೂ ತಪ್ಪಲಿಕ್ಕಿಲ್ಲ: ಐದು ಉದ್ದ ಬೆರಳು, ಕೂಸು ಅಂಗೈ ಊರಿದ ಹಾಗೆ. ಇಲ್ಲಿ ಅಟ್ಟದ ಮೇಲೆ ಪುನುಗು ಬೆಕ್ಕು ಮಾಡುವ ಉಪದ್ರವವನ್ನೆಲ್ಲ ಅಲ್ಲಿ ಅದು ಮಾಡುತ್ತದೆ. 2016ರಿಂದ ಬೀಗದ ಹಸಿರು ಕಸದ ಡಬ್ಬಿ ಕೊಟ್ಟದ್ದೇ ಅದರ ಕಾಟಕ್ಕೆ. ಕೊರೆಯುವ ಚಳಿಯಿದ್ದರೆ ದಿನಗಟ್ಟಲೆ ಗೂಡಿನಲ್ಲೇ ಬಿದ್ದಿರುತ್ತದೆ, ಸ್ವಲ್ಪ ಬೆಚ್ಚಗಾದ ರಾತ್ರಿ ಹೊರಡುತ್ತದೆ. ಅದರ ಹೆಜ್ಜೆ ಹುಡುಕಬೇಕಿದ್ದರೆ ಅಂಥ ರಾತ್ರಿಯ ಮಾರನೆ ದಿನ ಹೋಗು.

ಇಲಿಯದ್ದು ಸಣ್ಣ ಸಣ್ಣ ನಾಲ್ಕು ಚುಕ್ಕೆ, ನಡುವೆ ಬಾಲದ ಗೀರು, ಕೊನೆಗೆ ಹಿಮದಲ್ಲೊಂದು ತೂತು. ಕೆಲವೊಮ್ಮೆ ತೂತಿಲ್ಲದೆ ಬಯಲಲ್ಲೇ ಜಾಡು ನಿಂತಿರುತ್ತದೆ. ಎರಡು ಬದಿಯಲ್ಲೂ ಗರಿ ಬಿಡಿಸಿದ ಗುರುತು ಇದ್ದರೆ ಗೂಬೆಯೋ ಗಿಡುಗವೋ ಎತ್ತಿಕೊಂಡು ಹೋಯಿತು ಅಂತ ಲೆಕ್ಕ. ಇದನ್ನು ಮಗನಿಗೆ ಹೇಳಬೇಕೋ ಬೇಡವೋ ನೀನೇ ನೋಡು. ನಾನಾದರೆ ಹೇಳುತ್ತೇನೆ.

ಇನ್ನು ಹೋಗುವ ಕ್ರಮ. ರಾತ್ರಿ ಬೇಗ ಹಿಮ ನಿಂತು, ಗಟ್ಟಿಯಾದ ಹಳೆ ಪದರದ ಮೇಲೆ ಎರಡು ಬೆರಳು ದಪ್ಪ ಹೊಸತು ಕೂತಿದ್ದರೆ ಅದಕ್ಕಿಂತ ಒಳ್ಳೆಯ ಬೆಳಗು ಇಲ್ಲ. ಮೊಣಕಾಲಿನವರೆಗೆ ಹುಡಿ ಹಿಮ ಬಿದ್ದರೆ ಬರೀ ಗುಂಡಿ ಕಾಣುತ್ತದೆ, ಬೆರಳು ಕಾಣದು. ಬಿಸಿಲು ಓರೆಯಾಗಿರುವಾಗ ಹೋಗು, ಗುಂಡಿಯಲ್ಲಿ ನೆರಳು ನಿಂತು ಅಂಚು ಎದ್ದು ಕಾಣುತ್ತದೆ. ಜಾಡಿನ ಮೇಲೆ ಕಾಲಿಡದೆ ಬದಿಯಲ್ಲೇ ನಡೆಯಿರಿ. ಪ್ರಾಣಿ ಹೋದ ಕಡೆಗೆ ಬೆನ್ನಟ್ಟುವುದು ಬೇಡ, ಬಂದ ಕಡೆಗೆ ಹೋಗಿ. ಅದು ಎಲ್ಲಿ ಮಲಗಿತ್ತು, ಏನು ತಿಂದಿತು ಎಂಬುದೆಲ್ಲ ಅಲ್ಲೇ ಸಿಗುವುದು. ಜನವರಿಯಿಂದ ಮಾರ್ಚಿನವರೆಗೆ ಕಯೋಟಿ ಜೋಡಿಯಾಗುವ ಸಮಯ, ಎದುರು ಸಿಕ್ಕರೂ ಸಿಕ್ಕೀತು. ಓಡಬೇಡ. ಮಗನನ್ನು ಎತ್ತಿಕೊ, ಅದರ ಕಡೆಗೇ ಮುಖ ಮಾಡಿ, ಜೋರಾಗಿ ಬೊಬ್ಬೆ ಹಾಕುತ್ತಾ ಮೆಲ್ಲ ಹಿಂದೆ ಸರಿ. ನಿನ್ನ ಬೊಬ್ಬೆಯ ವಿಷಯದಲ್ಲಿ ನನಗೆ ಚಿಂತೆ ಇಲ್ಲ.

ಫೋಟೋ ತೆಗೆಯುವಾಗ ಪಕ್ಕದಲ್ಲಿ ನಾಣ್ಯ ಇಡು. ನಿಮ್ಮ ಎರಡು ಡಾಲರಿನದು 28 ಮಿಲಿಮೀಟರು, ನಮ್ಮ ಹತ್ತು ರೂಪಾಯಿಯದು 27, ನಾನು ಇಲ್ಲಿ ಇದನ್ನೇ ಇಟ್ಟು ಅಂದಾಜು ಮಾಡುತ್ತೇನೆ. ಒಂದು ಹೆಜ್ಜೆಯದ್ದು ಹತ್ತಿರದಿಂದ, ಇಡೀ ಜಾಡಿನದ್ದು ನಿಂತುಕೊಂಡು ದೂರದಿಂದ, ಎರಡೂ ಬೇಕು. ರಾತ್ರಿ ಎಂಟಕ್ಕೆ ಕಳಿಸಿದರೆ ಇಲ್ಲಿ ಬೆಳಗ್ಗೆ ಆರೂವರೆ, ಅಪ್ಪ ಕಾಪಿ ಕುಡಿಯುತ್ತಾ ಜಗಲಿಯಲ್ಲಿರುತ್ತಾರೆ, ಇಬ್ಬರೂ ಕೂತು ನೋಡುತ್ತೇವೆ. ಅವರು ಹೇಗೂ ಹಂದಿ ಅಂತಲೇ ಹೇಳುವುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ನಿನ್ನ,
ಅಮ್ಮ