ಆಬ್ಜೆಕ್ಟ್‌ಗಳ ನಡುವಿನ ಕರೆಯನ್ನೂ ಕಲಿಸಬೇಕು

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿರುವ ನಾನು, ಆ ಪಾಠದಲ್ಲಿ ಬಿಟ್ಟುಹೋಗುತ್ತಿರುವ ಒಂದು ಮುಖ್ಯ ಸಂಗತಿಯತ್ತ ಅಧ್ಯಾಪಕರ ಗಮನ ಸೆಳೆಯಬಯಸುತ್ತೇನೆ. ಎನ್‌ಕ್ಯಾಪ್ಸುಲೇಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ಮೂಲ ತತ್ವಗಳೇನೆಂದು ಕೇಳಿದರೆ ನಮ್ಮ ಮಕ್ಕಳು ತಡವರಿಸದೆ ಹೇಳುತ್ತಾರೆ. ಪ್ರೋಗ್ರಾಂನಲ್ಲಿ ಮಾಹಿತಿಯನ್ನೂ ಕೆಲಸಗಳನ್ನೂ ಒಟ್ಟಿಗೆ ಹಿಡಿದ ಘಟಕವೇ ಆಬ್ಜೆಕ್ಟ್, ಅದು ಮಾಡುವ ಒಂದೊಂದು ಕೆಲಸ ಮೆಥಡ್. ಆದರೆ ಪ್ರೋಗ್ರಾಂ ಓಡುತ್ತಿರುವಾಗ ಯಾವ ಆಬ್ಜೆಕ್ಟ್ ಯಾವುದರ ಮೆಥಡ್ ಕರೆಯಿತು, ಏನು ಕೊಟ್ಟು ಕರೆಯಿತು, ಉತ್ತರ ಎಲ್ಲಿಗೆ ಮರಳಿತು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಪಾಠದಲ್ಲಿ ಬರುವ ನಾಯಿ, ಬೆಕ್ಕುಗಳ ಉದಾಹರಣೆಯಲ್ಲಿ ಎಲ್ಲವನ್ನೂ ಪ್ರೋಗ್ರಾಂ ಆರಂಭವಾಗುವ ಮೇನ್ ಮೆಥಡ್ಡೇ ಕರೆಯುತ್ತದೆ. ಒಂದು ಆಬ್ಜೆಕ್ಟ್ ಇನ್ನೊಂದರೊಡನೆ ಮಾತಾಡುವ ಪ್ರಸಂಗವೇ ಅಲ್ಲಿಲ್ಲ.

ಕ್ಲಾಸ್ (ಒಂದು ಬಗೆಯ ಆಬ್ಜೆಕ್ಟ್‌ಗಳ ನಕ್ಷೆ) ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆಗಳು ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಿಂದ ಬಂದವು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಕಟ್ಟಿದ ಸ್ಮಾಲ್‌ಟಾಕ್ ಭಾಷೆಯಲ್ಲಿ 3 + 4 ಎಂದು ಬರೆದರೂ, ಅದು 3 ಎಂಬ ಆಬ್ಜೆಕ್ಟಿಗೆ 4ನ್ನು ಜೊತೆಗಿಟ್ಟು ಕಳಿಸಿದ ಕೂಡುವ ಸಂದೇಶವೇ, ಅಂದರೆ ಕರೆಯೇ. ಆಬ್ಜೆಕ್ಟ್ ಎಂಬ ಹೆಸರಿನಿಂದ ಜನರ ಗಮನ ಸಣ್ಣ ವಿಚಾರದ ಕಡೆಗೆ ಹೋಯಿತು, ದೊಡ್ಡ ವಿಚಾರವೆಂದರೆ ಸಂದೇಶ ಎಂದು ಕೇ ಅವರೇ 1998ರಲ್ಲಿ ಬರೆದಿದ್ದಾರೆ.

ನಮ್ಮ ಭಾಗದ್ದೇ ಒಂದು ಉದಾಹರಣೆ ಕೊಡುತ್ತೇನೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆಂದು ವಿದ್ಯಾರ್ಥಿಗಳು ಬರೆದ ಒಂದು ಪ್ರೋಗ್ರಾಂನಲ್ಲಿ, ಬಿಲ್ಲಿನ ಆಬ್ಜೆಕ್ಟ್ ಮೊದಲು ಲಾಟನ್ನು (ಬೆಳೆಗಾರ ತಂದ ಒಂದು ಕಂತಿನ ಕಾಫಿ) ತೆಗೆದುಕೊಂಡು, ಲಾಟಿನಿಂದ ಬೆಳೆಗಾರನನ್ನು, ಬೆಳೆಗಾರನಿಂದ ಖಾತೆಯನ್ನು ಹೊರಗೆಳೆದು, ಖಾತೆಯ ಬಾಕಿಯನ್ನು ತಾನೇ ತಿದ್ದುತ್ತಿತ್ತು. ಇಷ್ಟೂ ಒಂದೇ ಸಾಲಿನಲ್ಲಿ, ಚುಕ್ಕಿಯ ಹಿಂದೆ ಚುಕ್ಕಿ (ಜಾವಾದಲ್ಲಿ ಕರೆಯನ್ನು ಚುಕ್ಕಿಯಿಟ್ಟು ಬರೆಯುತ್ತಾರೆ). ಒಬ್ಬ ಬೆಳೆಗಾರನಿಗೆ ಎರಡು ಖಾತೆ ಬಂದರೆ ಬಿಲ್ಲಿನ ಕ್ಲಾಸನ್ನೇ ಬಿಚ್ಚಿ ತಿದ್ದಬೇಕು. ನಡುವೆ ಎಲ್ಲಾದರೂ ನಲ್, ಅಂದರೆ ಆಬ್ಜೆಕ್ಟೇ ಇಲ್ಲದ ಖಾಲಿ ಜಾಗ, ಸಿಕ್ಕಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ‘ಇಷ್ಟು ಹಣ ಜಮಾ ಮಾಡು’ ಎಂಬ ಒಂದೇ ಮೆಥಡ್ ಬೆಳೆಗಾರನಲ್ಲಿದ್ದು ಲಾಟಿನ ಮೂಲಕ ಅದಕ್ಕೆ ಕರೆ ಹೋಗಿದ್ದರೆ, ಯಾವ ಖಾತೆಗೆ ಎಂಬುದು ಬೆಳೆಗಾರನ ಆಬ್ಜೆಕ್ಟಿಗೇ ಸೇರಿದ ವಿಷಯವಾಗುತ್ತಿತ್ತು. ನೇರ ಪರಿಚಯವಿರುವ ಆಬ್ಜೆಕ್ಟನ್ನು ಮಾತ್ರ ಕರೆಯಬೇಕೆಂಬ ಈ ಶಿಸ್ತಿಗೆ ಡಿಮೀಟರ್ ನಿಯಮವೆಂಬ ಹೆಸರಿದ್ದು, ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲೇ ಅದನ್ನು ರೂಪಿಸಲಾಗಿತ್ತು.

ಅದೇ ಪ್ರೋಗ್ರಾಂನಲ್ಲಿ ಅರೇಬಿಕಾ ಪಾರ್ಚ್‌ಮೆಂಟಿಗೊಂದು (ಹೊರಸಿಪ್ಪೆ ತೆಗೆದು ಒಣಗಿಸಿದ್ದು), ರೊಬಸ್ಟಾ ಚೆರಿಗೊಂದು (ಹಣ್ಣಾಗಿಯೇ ಒಣಗಿಸಿದ್ದು) ಲೆಕ್ಕವನ್ನು ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎನ್ನುವ ಇಫ್-ಎಲ್ಸ್ ಸರಣಿಯಲ್ಲಿ ಬಿಲ್ಲಿನೊಳಗೇ ತುರುಕಲಾಗಿತ್ತು. ಬಿಲ್ಲು ಲಾಟನ್ನು ‘ನಿನ್ನ ಬೆಲೆ ಎಷ್ಟು?’ ಎಂದು ಕೇಳಿದರೆ ಸಾಕು. ಆಬ್ಜೆಕ್ಟನ್ನು ಹಿಡಿದಿಡುವ ಹೆಸರಾದ ವೇರಿಯಬಲ್ಲಿಗೆ ಬರಿಯ ಲಾಟ್ ಎಂಬ ಟೈಪ್ ಕೊಟ್ಟಿದ್ದರೂ, ಓಡುವ ಹೊತ್ತಿನಲ್ಲಿ ಅಲ್ಲಿ ನಿಜವಾಗಿ ಇರುವ ಆಬ್ಜೆಕ್ಟ್ ಯಾವ ಕ್ಲಾಸಿನದೆಂದು ನೋಡಿಯೇ ಜಾವಾ ತಕ್ಕ ಮೆಥಡ್ಡನ್ನು ಆರಿಸುತ್ತದೆ. ಔಟ್‌ಟರ್ನ್ (ಸಂಸ್ಕರಣೆಯ ನಂತರ ಸಿಗುವ ಬೀಜದ ಪ್ರಮಾಣ), ತೇವಾಂಶಗಳ ಲೆಕ್ಕ ಆಯಾ ಕ್ಲಾಸಿನಲ್ಲೇ ಉಳಿಯುತ್ತದೆ, ನಾಳೆ ಹೊಸ ಬಗೆಯ ಕಾಫಿ ಸೇರಿದರೂ ಬಿಲ್ಲನ್ನು ಮುಟ್ಟಬೇಕಿಲ್ಲ. ಇದೇ ಪಾಲಿಮಾರ್ಫಿಸಂ. ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಹುಡುಗ ಹುಡುಗಿಯರೇ ಈ ಇಫ್-ಎಲ್ಸ್ ಬರೆದಿದ್ದರೆಂಬುದು ನನಗೆ ತುಂಬ ನೋವಿನ ಸಂಗತಿ. ಅವರು ಬುದ್ಧಿವಂತರು, ವ್ಯಾಖ್ಯೆಗೂ ಕರೆಗೂ ಇರುವ ನಂಟನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಆದ್ದರಿಂದ ಪ್ರಯೋಗಾಲಯದ ರೆಕಾರ್ಡಿನಲ್ಲಿ ಪ್ರತಿ ಪ್ರೋಗ್ರಾಂ ಜೊತೆಗೆ ಕರೆಗಳ ಕ್ರಮವನ್ನು ತೋರಿಸುವ ಒಂದು ಸೀಕ್ವೆನ್ಸ್ ಡಯಾಗ್ರಂ ಬರೆಸಬೇಕು, ಪ್ರೋಗ್ರಾಂ ತಡೆದು ಪರೀಕ್ಷಿಸುವ ಸಾಧನವಾದ ಡಿಬಗ್ಗರ್‌ನಲ್ಲಿ ಒಂದೊಂದೇ ಹೆಜ್ಜೆ ಒಳಗೆ ಹೋಗಿ ಕಾಲ್ ಸ್ಟ್ಯಾಕ್ (ಇನ್ನೂ ಮುಗಿಯದ ಕರೆಗಳ ಅಟ್ಟಿ) ಬೆಳೆಯುವುದನ್ನೂ ಇಳಿಯುವುದನ್ನೂ ತೋರಿಸಬೇಕು ಎಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ನಾಲ್ಕು ವ್ಯಾಖ್ಯೆಗಳ ಬದಲು ಮೂರು ಸಣ್ಣ ಕ್ಲಾಸ್‌ಗಳನ್ನು ಕೊಟ್ಟು, ಕರೆಗಳ ಕ್ರಮವನ್ನು ಬರೆಯಿರಿ ಎಂದು ಕೇಳಲಿ. ಇದಕ್ಕೆ ಹೊಸ ಪಠ್ಯಕ್ರಮವಾಗಲಿ ಹೆಚ್ಚಿನ ಖರ್ಚಾಗಲಿ ಬೇಕಿಲ್ಲ, ಬರುವ ಸೆಮಿಸ್ಟರ್‌ನಿಂದಲೇ ಆರಂಭಿಸಬಹುದು.

– ಓರ್ವ ಓದುಗ, ಹಾಸನ