ಹಲಸಿನ ಮರ ಹೋಯಿತು, ವಾಲ್ವ್ ಕಳೆದುಹೋಯಿತು

ಮಾನ್ಯರೇ,

ಕಳೆದ ತಿಂಗಳು ನಮ್ಮೂರಲ್ಲಿ ನೀರಿನ ಪೈಪು ಒಡೆಯಿತು. ಒಡೆದ ಜಾಗ ಕಣ್ಣೆದುರೇ ಇತ್ತು. ಆದರೆ ನೀರು ನಿಲ್ಲಿಸುವ ವಾಲ್ವ್ ಎಲ್ಲಿ ಹುಗಿದಿದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಹಳೆಯ ನೀರುಗಂಟಿ ಒಬ್ಬರೇ. ಅವರೀಗ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದಾರೆ. ಫೋನ್ ಮಾಡಿದರೆ, ‘ಹಲಸಿನ ಮರದಿಂದ ರಸ್ತೆ ಕಡೆ ನಾಲ್ಕು ಮಾರು ಬಿಟ್ಟು ಅಗೀರಿ’ ಅಂದರು. ರಸ್ತೆ ಅಗಲ ಮಾಡುವಾಗಲೇ ಆ ಮರ ಹೋಗಿದೆ! ಐದು ಕಡೆ ಅಗೆದರು. ಮೂರು ದಿನ ನೀರಿಲ್ಲ.

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವವನು. ಯಾವುದು ಎಲ್ಲಿದೆ ಅಂತ ಕಂಪ್ಯೂಟರ್ ನಕ್ಷೆಯಲ್ಲಿ ಗುರುತಿಡುವ ಜಿಐಎಸ್ ಅಂದರೆ ದೊಡ್ಡ ಕಂಪನಿಗಳ ವಿಷಯ ಅಂದುಕೊಂಡಿದ್ದೆ. ಅದು ಲೆಡ್ಜರನ್ನು ನಕ್ಷೆಗೆ ಹೊಲಿದ ಹಾಗೆ, ಅಷ್ಟೇ. ನಕ್ಷೆಯ ಒಂದೊಂದು ಚುಕ್ಕೆ ಮುಟ್ಟಿದರೂ ಅದರ ಲೆಕ್ಕದ ಸಾಲು ತೆರೆದುಕೊಳ್ಳುತ್ತದೆ.

ಅರೇಬಿಕಾ ಕಾಫಿ ಬೆಳೆದವರಿಗೆ ಬೋರರ್ ಕಾಟ, ಅದೇ ಕಾಂಡದೊಳಗೆ ಕೊರೆಯುವ ಬಿಳಿ ಕಾಂಡಕೊರಕ ಹುಳ, ಹೊಸದಾಗಿ ಹೇಳಬೇಕಿಲ್ಲ. ಅದರ ದುಂಬಿ ಹಾರುವ ಕಾಲಕ್ಕೆ ಮುಂಚೆ, ವರ್ಷಕ್ಕೆ ಎರಡು ಸಲ, ಆಳುಗಳು ಸಾಲು ಹಿಡಿದು ಗಿಡ ನೋಡುತ್ತಾರೆ. ಕಾಂಡದ ಮೇಲೆ ಏಣು ಎದ್ದಿದ್ದರೆ ಗಿಡ ಕಿತ್ತು ಸುಡುತ್ತೇವೆ. ಬ್ಲಾಕಿಗೆ ಇಷ್ಟು ಗಿಡ ಅಂತ ನಾನು ವರ್ಷಗಟ್ಟಲೆ ಬರೆದೆ. ಒಂದು ಸಲ ಮಗಳು ಲ್ಯಾಪ್‌ಟಾಪಿಗೆ ಕ್ಯೂಜಿಐಎಸ್ ಹಾಕಿಕೊಟ್ಟಳು. ಜಿಐಎಸ್ ನಕ್ಷೆ ಮಾಡುವ ಪುಕ್ಕಟೆ ತಂತ್ರಾಂಶ. ಕಿತ್ತ ಗಿಡದ ಜಾಗವನ್ನೆಲ್ಲ ಫೋನಿನಲ್ಲಿ ಗುರುತು ಹಾಕಿಕೊಂಡು ಬಂದೆ. ಮರದಡಿ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ತೋರಿಸುತ್ತದೆ, ಹಾಗಾಗಿ ಇದೇ ಗಿಡ ಅಂತ ಹೇಳಲಾಗದು. ಆದರೂ ಗುಂಪು ಕಂಡಿತು. ಬಾವಿ ಬ್ಲಾಕಿನ ಚುಕ್ಕೆಗಳೆಲ್ಲ ಮೇಲಿನ ಅಂಚಿನಲ್ಲೇ ಮುತ್ತಿಕೊಂಡಿದ್ದವು. ಅಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಜಾಸ್ತಿಯಾಗಿ ಬಿಸಿಲು ನೇರ ಬೀಳುತ್ತಿತ್ತು. ಬೋರರ್‌ಗೆ ಬಿಸಿಲೆಂದರೆ ಇಷ್ಟ, ಅಲ್ವಾ? ಅಲ್ಲಿ ಈಗ ನೆರಳಿಗೆ ಹಾಲುವಾಣದ ಮರ ನೆಟ್ಟಿದ್ದೇವೆ. ನನ್ನ ಪುಸ್ತಕದಲ್ಲಿ ಎಷ್ಟು ಅಂತ ಇತ್ತು, ಎಲ್ಲಿ ಅಂತ ಇರಲಿಲ್ಲ.

ಪಂಚಾಯಿತಿ, ಹಾಲಿನ ಸೊಸೈಟಿಗಳದ್ದೂ ಇದೇ ಕತೆ. ಸ್ಟಾಕ್ ಬುಕ್ಕಿನಲ್ಲಿ ಎಷ್ಟು ವಾಲ್ವ್, ಎಷ್ಟು ಬೀದಿದೀಪ ಅಂತ ಇರುತ್ತದೆ. ಎಲ್ಲಿ ಅನ್ನುವುದು ಯಾರದೋ ತಲೆಯಲ್ಲಿರುತ್ತದೆ. ಅವರು ನಿವೃತ್ತಿಯಾದರೆ ಮುಗಿಯಿತು. ರಾಜ್ಯ ದೂರಸಂವೇದಿ ಕೇಂದ್ರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಪಕ್ಕದ ಹಾಸನದಲ್ಲಿ 1982ರಿಂದ ಇಸ್ರೋದ ನಿಯಂತ್ರಣ ಕೇಂದ್ರವಿದೆ. ಸುಮಾರು 36 ಸಾವಿರ ಕಿ.ಮೀ. ಮೇಲಿನ ಉಪಗ್ರಹ ಎಲ್ಲಿದೆ ಅಂತ ಅಲ್ಲಿ ಕೂತು ಹೇಳುತ್ತಾರೆ. (ಅವು ನಕ್ಷೆಯ ಉಪಗ್ರಹಗಳಲ್ಲ ಬಿಡಿ.) ಮೂರಡಿ ಕೆಳಗಿನ ವಾಲ್ವ್ ಹುಡುಕಲು ನಮಗೆ ಮೂರು ದಿನ ಬೇಕಾಯಿತು.

ಹಳೆಯ ನೀರುಗಂಟಿಯವರು ದೀಪಾವಳಿಗೆ ಊರಿಗೆ ಬರುತ್ತಾರಂತೆ. ಅವರ ಜೊತೆ ಊರು ಸುತ್ತಿ ಒಂದೊಂದೇ ವಾಲ್ವ್ ಗುರುತು ಹಾಕಲು ನಾನು ತಯಾರು. ದುಡ್ಡೇನೂ ಬೇಡ. ಪಂಚಾಯಿತಿಯಿಂದ ಒಬ್ಬರು ಜೊತೆಗೆ ಬರಲಿ.

– ಒಬ್ಬ ತೋಟದ ರೈಟರು, ಮೂಡಿಗೆರೆ ತಾಲ್ಲೂಕು