ಬಂದು ಊಟ ಮಾಡಿದವರಿಗೆಲ್ಲ

ಮೊನ್ನೆ ಶನಿವಾರ ಕೊಡಗಿನ ನಮ್ಮ ಹೋಮ್‌ಸ್ಟೇ ಊಟದ ಮೇಜು ತುಂಬಿತು. 14 ಜನ. 2018ರ ಆಗಸ್ಟ್‌ನ ಮಹಾಮಳೆ ಆದಮೇಲೆ ಇದೇ ಮೊದಲು. ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಸಾಲದೆ ಎರಡನೇ ಸಲ ಹಬೆಗೆ ಇಟ್ಟೆ. ಮುಚ್ಚಳ ತೆಗೆದಾಗ ಬೆಂದ ಅಕ್ಕಿಯ ವಾಸನೆ ಮುಖಕ್ಕೆ ಬಡಿಯಿತು, ಕಣ್ಣು ತುಂಬಿ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಜಾರಿ ಮನೆ, ತೋಟ ಎಲ್ಲ ಹೋಯಿತು. ಜೀವ ಕಳೆದುಕೊಂಡವರಿದ್ದಾರೆ. ನಮ್ಮ ಮನೆ ಉಳಿಯಿತು. ಮನೆ ಉಳಿದವರು ಕಷ್ಟ ಹೇಳಿಕೊಳ್ಳಬಾರದು ಅಂತ ತುಂಬ ದಿನ ಸುಮ್ಮನಿದ್ದೆ. ಆದರೆ ಒಲೆ ಆರಿತ್ತು. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆ ಕುಸಿದು ಮೀನು ಬರಲಿಲ್ಲ. ಗದ್ದೆಗೆ ಮಣ್ಣು ತುಂಬಿ ನಾಟಿ ಹೂತುಹೋಯಿತು. ಕೆಲವು ವಾರ ಪ್ರವಾಸಿಗರಿಗೆ ತಡೆ ಇತ್ತು, ಅದು ಸರಿಯೇ. ಆಮೇಲೂ ಜನ ಬರಲಿಲ್ಲ. ಮನೆಯೊಂದು ಜಾರಿ ಬೀಳುವ ಅದೇ ವಿಡಿಯೊ ನೋಡಿ ಇಡೀ ಕೊಡಗೇ ಹೋಯಿತು ಅಂದುಕೊಂಡಿದ್ದರು. ಅಷ್ಟು ಹಾನಿಯಾಗದ ಗೋಣಿಕೊಪ್ಪ, ವಿರಾಜಪೇಟೆ ಕಡೆಯವರಿಗೂ ಇದೇ ಪಾಡು.

ದಸರಾ ರಜೆಗೆ ಬುಕ್ ಮಾಡಿದ್ದ ಮೈಸೂರಿನ ಒಂದು ಮನೆಯವರು ಮಾತ್ರ, "ಅಡ್ವಾನ್ಸ್ ವಾಪಸ್ ಬೇಡಮ್ಮ, ಅಷ್ಟೂ ದುಡ್ಡಿಗೆ ಕಾಳುಮೆಣಸು ಕಳಿಸಿ" ಅಂದರು. ಕಳಿಸಿದೆ. ಅವರು ಅಕ್ಕಪಕ್ಕದವರಿಗೆಲ್ಲ ಹೇಳಿ ಜೇನು, ಕಾಫಿಪುಡಿ ತರಿಸಿಕೊಂಡರು. ಪರಿಹಾರ ಕೇಂದ್ರದಿಂದಲೇ ಕೆಲಸಕ್ಕೆ ಬರುತ್ತಿದ್ದ ನಮ್ಮ ಅಡುಗೆಯ ಅಕ್ಕನಿಗೆ ಆ ದುಡ್ಡಿನಲ್ಲೇ ಸಂಬಳ ಕೊಟ್ಟೆ. ತನ್ನ ಮನೆ ಕಳೆದುಕೊಂಡೂ ನನಗೆ ಧೈರ್ಯ ಹೇಳಿದವಳು ಅವಳು. ಈ ಊಟ ನನ್ನ ಹೆಸರಿನಲ್ಲಿದೆ, ಕೈ ಜಾಸ್ತಿ ಅವಳದ್ದೇ.

ಇನ್ನು ಕಾಚಂಪುಳಿ, ನಮ್ಮ ಅಡುಗೆಯ ಕಪ್ಪು ಹುಳಿ. ಮಳೆಗಾಲದಲ್ಲಿ ಉದುರುವ ಹುಳಿ ಹಣ್ಣನ್ನು ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುತ್ತೇವೆ. ಅದು ಬೀಳದಿದ್ದರೆ ನಮ್ಮ ಹಂದಿ ಮಾಂಸದ ಸಾರು, ಪಂದಿ ಕರಿ, ಪಂದಿ ಕರಿಯೇ ಅಲ್ಲ, ಅಲ್ವಾ? ಆ ಹುಳಿಯ ನಮ್ಮ ಮೂರೂ ಮರ ಗುಡ್ಡದ ಜೊತೆಗೇ ಹೋಗಿದ್ದವು. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಒಬ್ಬಿಬ್ಬರು ಅತಿಥಿಗಳು ಬರತೊಡಗಿದಾಗ ಪಕ್ಕದ ಮನೆಯ ಅಜ್ಜಿ ಒಂದು ಬಾಟಲಿ ತಂದರು. ಪೇಪರಿನಲ್ಲಿ ಸುತ್ತಿ, ಬಾಯಿಗೆ ಬಟ್ಟೆ ಕಟ್ಟಿತ್ತು. ಹಿಂದಿನ ವರ್ಷದ್ದು. "ಹಳೇದಾದಷ್ಟೂ ಒಳ್ಳೇದು, ಇಟ್ಕೋ ಮಗಳೇ" ಅಂದರು. ಅವರ ತೋಟವೂ ಅರ್ಧ ಹೋಗಿತ್ತು.

ಮೊದಲು ಬಂದ ಆ ಒಬ್ಬಿಬ್ಬರಿಗೆ, ಇನ್ನೂ ಸರಿಯಾಗದ ರಸ್ತೆಯಲ್ಲಿ ಅವರನ್ನು ಜೋಪಾನವಾಗಿ ಕರೆತಂದ ಡ್ರೈವರ್ ಅಣ್ಣಂದಿರಿಗೆ, "ಕೊಡಗು ಇದೆ, ಹೋಗಿ ಊಟ ಮಾಡಿ ಬನ್ನಿ" ಅಂತ ಊರೂರಲ್ಲಿ ಹೇಳಿದವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಶನಿವಾರಕ್ಕೆ ಬಾಟಲಿ ಖಾಲಿಯಾಯಿತು. ತೊಳೆದು ಇಟ್ಟಿದ್ದೇನೆ. ಖಾಲಿ ಬಾಟಲಿ ವಾಪಸ್ ಕೊಡುವುದು ಸರಿಯಲ್ಲ. ನಾಳೆ ಒಂದು ಡಬ್ಬಿ ಪಂದಿ ಕರಿ, ಬಿಸಿ ಕಡಂಬುಟ್ಟು ಜೊತೆಗಿಟ್ಟುಕೊಂಡು ಅಜ್ಜಿ ಮನೆಗೆ ಹೊರಟಿದ್ದೇನೆ.